ಏಳು ಮಾರು ನೀರಿನಲ್ಲಿ ನಿಂತವರು

ನಾನು ಹುಟ್ಟಿದ್ದು ಮೀನುಗಾರರ ಮನೆಯಲ್ಲಿ, ಹೊಟ್ಟೆ ಹೊರೆದದ್ದು ಆಸ್ಪತ್ರೆಯ ಲ್ಯಾಬಿನಲ್ಲಿ. ಕಡಲ ನಡುವೆ ಕಂಡ ದೀಪ, ಹೆಸರು ಹಿಡಿದು ಕರೆದ ದನಿ, ದೋಣಿಯ ಹಿಂದೆಯೇ ಬಂದ ನೆರಳು, ಇಂಥ ಸುದ್ದಿಗಳನ್ನು ಚಿಕ್ಕಂದಿನಲ್ಲಿ ಕಿವಿತುಂಬ ಕೇಳಿದ್ದೇನೆ. ದೊಡ್ಡವನಾದ ಮೇಲೆ ಹೇಳಿದವರ ಎದುರೇ ಬಾಯಿತುಂಬ ನಕ್ಕಿದ್ದೇನೆ. ರಕ್ತವನ್ನು ಗಾಜಿನ ಮೇಲೆ ಸವರಿ ನೋಡುವವನಿಗೆ ಕಂಡದ್ದಷ್ಟೇ ಸತ್ಯ, ಉಳಿದದ್ದೆಲ್ಲ ಕಾಗಕ್ಕ ಗುಬ್ಬಕ್ಕನ ಕತೆ ಎಂದು ತಿಳಿದಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಆ ಸಾಲಿನಲ್ಲಿ ಮೊದಲು ನಿಂತಿದ್ದವನೇ ನಾನು.

ತೊಂಬತ್ತರ ದಶಕದ ಕೊನೆಯ ಮಾತು. ಒಂಬತ್ತು ವರ್ಷ ದುಬೈಯಲ್ಲಿ ದುಡಿದ ಮೇಲೆ ಅಬುಧಾಬಿಯ ಪಶ್ಚಿಮಕ್ಕೆ, ಮದೀನತ್ ಜಾಯೆದ್‌ನ ಒಂದು ಆಸ್ಪತ್ರೆಗೆ ಬಂದಿದ್ದೆ. ಸುತ್ತ ಮರಳೋ ಮರಳು. ಆದರೆ ಒಂದು ಗಂಟೆಯೊಳಗೆ ಗಾಡಿಯಲ್ಲಿ ಉತ್ತರಕ್ಕೆ ಹೋದರೆ ಕಡಲು. ಅಲ್ಲಿ ನನಗೆ ಇಬ್ಬರು ಗೆಳೆಯರಾದರು. ಒಬ್ಬ ಲಾರೆನ್ಸ್, ಶಿರ್ವದ ಕಡೆಯ ಕೊಂಕಣಿ ಮನುಷ್ಯ, ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸ, ನನಗಿಂತ ಹತ್ತು ವರ್ಷ ದೊಡ್ಡವನು. ಸಕ್ಕರೆ ಕಾಯಿಲೆ ಇತ್ತು, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಇನ್ನೊಬ್ಬ ಹಮದ್, ಅಲ್ಲಿಯ ಅರಬಿ, ಆಂಬುಲೆನ್ಸ್ ವಿಭಾಗದವನು. ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಮಾತಾಡುತ್ತಿದ್ದ. ಅವನದೊಂದು ಫೈಬರ್ ದೋಣಿ ಆ ಕಡಲಿನ ಮಿರ್ಫಾ ಎಂಬ ಊರಿನ ದಂಡೆಯಲ್ಲಿತ್ತು.

ಆ ಕಡಲಿನಲ್ಲಿ ಬೇಸಗೆಯಲ್ಲಿ ಮೀನು ಹಿಡಿಯುವುದೆಂದರೆ ಬಿಸಿನೀರಿನ ಹಂಡೆಗೆ ಗಾಳ ಹಾಕಿದ ಹಾಗೆ. ನಮಗೆ ಬೇಕಾದ ದೊಡ್ಡ ಮೀನು ಅಂಜಲ್ ಎಲ್ಲೋ ಆಳಕ್ಕೆ ಹೋಗಿಬಿಡುತ್ತದೆ. ಆಗಸ್ಟ್ ಮುಗಿಯುವಾಗ ದಕ್ಷಿಣದಲ್ಲಿ ಸುಹೈಲ್ ಎಂಬ ನಕ್ಷತ್ರ ಕಾಣುತ್ತದೆ, ಅದು ಕಂಡಮೇಲೆ ನೀರು ತಣಿಯಲು ಸುರು ಎಂದು ಹಮದ್ ಬೆರಳು ಮಡಚಿ ದಿನ ಲೆಕ್ಕ ಹಾಕುತ್ತಿದ್ದ. ನವೆಂಬರಿನ ಹೊತ್ತಿಗೆ ಬೂತಾಯಿ ಎಂಬ ಸಣ್ಣ ಮೀನಿನ ಹಿಂಡು ದಂಡೆಯ ಕಡೆ ಬರುತ್ತದೆ, ಅದರ ಬೆನ್ನಿಗೆ ಅಂಜಲ್. ಹಂಗಾಮಿನ ಆ ಮೊದಲ ದಿನಗಳಲ್ಲಿ ಎಲ್ಲವೂ ಗಾಳಿಯ ಕೈಯಲ್ಲಿ. ಶಮಾಲ್ ಎಂಬ ವಾಯವ್ಯದ ಗಾಳಿ ಎರಡು ದಿನ ಬೀಸಿ ನೀರನ್ನು ಹಾಲಿನಂತೆ ಕದಡಬೇಕು, ಮೂರನೆಯ ದಿನ ಪಟ್ಟನೆ ನಿಲ್ಲಬೇಕು. ಆಗ ಹಾಲುನೀರೂ ತಿಳಿನೀರೂ ಕೂಡುವ ಗೆರೆಯ ಮೇಲೆ ಅಂಜಲ್ ಬೇಟೆಗೆ ಬರುತ್ತದೆ. ಅದರಲ್ಲೊಂದು ಅಪಾಯವೂ ಇದೆ. ಗಾಳಿ ನಿಂತ ಬೆಳಿಗ್ಗೆಯೇ ಮಂಜು ಬರುವುದು.

ಆ ಶುಕ್ರವಾರ ಎಲ್ಲವೂ ಹೇಳಿ ಮಾಡಿಸಿದ ಹಾಗಿತ್ತು. ನಸುಕಿನಲ್ಲಿ ಹಮದನ ಪಿಕಪ್ಪಿನಲ್ಲಿ ದಂಡೆಗೆ ಬಂದೆವು. ಅವನಿಗೆ ರಾತ್ರಿ ಪಾಳಿ ಮುಗಿದಿತ್ತು, ನಿದ್ದೆ; ದಂಡೆಯಲ್ಲೇ ಪಿಕಪ್ಪಿನ ಹಿಂಬದಿಯಲ್ಲಿ ಮಲಗುವವನಿದ್ದ. ದೋಣಿ ನೀರಿಗೆ ನೂಕಿಕೊಟ್ಟು, "ಸೀಟಿನ ಮೇಲೆ ಬ್ಯಾಗ್ ಉಂಟು, ತಕ್ಕೊ. ಕಂಪಾಸೂ ಅದರಲ್ಲೇ ಹಾಕಿದ್ದೇನೆ" ಎಂದ. ಅವನ ಮಾತನ್ನು ನಮ್ಮ ಭಾಷೆಗೆ ತಂದು ಹೇಳುತ್ತಿದ್ದೇನೆ. ಬ್ಯಾಗು ಲಾರೆನ್ಸನ ಹೆಂಡತಿ ಕಟ್ಟಿಕೊಟ್ಟ ಬುತ್ತಿಯದು, ಅವನ ಸಕ್ಕರೆ ನೋಡುವ ಮೀಟರೂ ಅದರಲ್ಲೇ ಇರುತ್ತಿತ್ತು. ನಾನು ಹೋಗಿ ಗಾಡಿಯ ಬಾಗಿಲು ತೆರೆದೆ. ಬುತ್ತಿಯ ಡಬ್ಬಿಯ ಮೇಲೆಯೇ ಕಂಪಾಸು ಕೂತಿತ್ತು.

ಅದನ್ನು ಕಂಡದ್ದೇ ನನಗೆ ಸಿಟ್ಟು ಬಂತು. ಗಂಗೊಳ್ಳಿ ಕಡೆಯ ಮೊಗವೀರನ ಮಗ ನಾನು. ನನ್ನಪ್ಪ ನಲವತ್ತು ವರ್ಷ ಕಡಲಿಗೆ ಹೋದವರು, ಒಂದು ದಿನ ಕಂಪಾಸು ಮುಟ್ಟಿದವರಲ್ಲ. ಒಂದು ದೋಣಿ ಇಟ್ಟುಕೊಂಡ ಮಾತ್ರಕ್ಕೆ ಈ ಮರಳುಗಾಡಿನವನು ನನಗೆ ದಿಕ್ಕು ಹೇಳಿಕೊಡುವುದೇ? ಒಂಬತ್ತು ಗಂಟೆಗೆ ವಾಪಸು ಬರುತ್ತೇವಲ್ಲ, ಬಂದೇ ತಿಂದರಾಯಿತು ಎಂದುಕೊಂಡು ಬ್ಯಾಗನ್ನು ಅಲ್ಲಿಯೇ ಬಿಟ್ಟು ಬಾಗಿಲು ಹಾಕಿದೆ. ಯಾರಿಗೂ ಹೇಳಲಿಲ್ಲ. ಇಂದಿಗೂ ಆ ಬಾಗಿಲಿನ ಸದ್ದು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನಿಸುತ್ತದೆ.

ಅರ್ಧ ಗಂಟೆ ಉತ್ತರಕ್ಕೆ ಓಡಿದೆವು. ಬೆಳಕು ಹರಿಯುವಾಗ ಹಾಲುನೀರಿನ ಗೆರೆ ಸಿಕ್ಕಿತು. ಆಮೇಲೆ ಕೇಳಬೇಡಿ. ಗಾಳ ಎಳೆದುಕೊಂಡು ದೋಣಿಯನ್ನು ಸುತ್ತು ಹೊಡೆಸಿದಂತೆಲ್ಲ ಮೀನು. ಒಂಬತ್ತು ಅಂಜಲ್, ಒಂದಕ್ಕಿಂತ ಒಂದು ಉದ್ದ. ಲಾರೆನ್ಸ್ ಪ್ರತಿಯೊಂದಕ್ಕೂ "ದೇವಾ, ಇಸ್ವಾನ್ ನೋಡು ಮಾರಾಯಾ, ಇಸ್ವಾನ್!" ಎಂದು ಅಂಜಲನ್ನು ಕೊಂಕಣಿಯ ಹೆಸರಿನಲ್ಲಿ ಕರೆಯುತ್ತಾ ಮಗುವಿನ ಹಾಗೆ ಕುಣಿಯುತ್ತಿದ್ದ. ಎಲ್ಲವನ್ನೂ ಐಸ್ ಪೆಟ್ಟಿಗೆಗೆ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಕೂತುಕೊಂಡ. ಅಂಗಿಯ ಜೇಬಿನಿಂದ ಪೆನ್ನಿನಂಥ ಇನ್ಸುಲಿನ್ ತೆಗೆದು ಹೊಟ್ಟೆಗೆ ಚುಚ್ಚಿಕೊಂಡ. ಪೆನ್ನು ಜೇಬಿಗೆ ಹಾಕಿ ಕೈ ಒರೆಸಿಕೊಂಡು, "ಬ್ಯಾಗ್ ಕೊಡು ಮಾರಾಯಾ, ಹಸಿವಾಯ್ತು" ಎಂದ.

ಬ್ಯಾಗು ಗಾಡಿಯಲ್ಲೇ ಬಿಟ್ಟೆ ಎಂದು ಹೇಳಿದೆ. ಅವನು ಬೈಯಲಿಲ್ಲ. "ಎಂತ ಮಾರಾಯ ನೀನು... ಚುಚ್ಚಿ ಆಯ್ತಲ್ಲ ಈಗ" ಎಂದಷ್ಟೇ ಅಂದ. ಅವನ ಮೈಯಲ್ಲಿ ಏನು ನಡೆಯುತ್ತದೆಂದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಚುಚ್ಚಿದ ಮೇಲೆ ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಮೊದಲು ಬೆವರು, ಆಮೇಲೆ ನಡುಕ, ತಪ್ಪು ಮಾತು, ಆಮೇಲೆ ಎಚ್ಚರ ತಪ್ಪುವುದು, ಆಮೇಲೆ ಹೇಳುವುದು ಬೇಡ. ದೋಣಿಯಲ್ಲಿ ಎರಡು ಬಾಟಲಿ ನೀರು, ಅವನಿಗೆಂದೇ ಸಕ್ಕರೆ ಹಾಕದೆ ಮಾಡಿದ ಒಂದು ಫ್ಲಾಸ್ಕ್ ಚಹಾ ಇತ್ತು. ಮೀನು ಬೇಕಾದಷ್ಟು ಇತ್ತು, ಮೀನಿನಲ್ಲಿ ಸಕ್ಕರೆ ಇಲ್ಲ.

"ಅರ್ಧ ಗಂಟೆಯ ದಾರಿ, ಈಗ ಹೋಗಿಬಿಡುವ" ಎಂದು ದೋಣಿ ತಿರುಗಿಸಲು ತಲೆ ಎತ್ತಿದರೆ ದಿಗಂತವೇ ಇಲ್ಲ. ಮೀನಿನ ಹುಚ್ಚಿನಲ್ಲಿ ನಾವು ನೋಡಿಯೇ ಇರಲಿಲ್ಲ. ಬಿಳೀ ಗೋಡೆ ನಮ್ಮ ಕಡೆಗೆ ಬರುತ್ತಿತ್ತು. ಎರಡು ನಿಮಿಷದಲ್ಲಿ ದೋಣಿಯ ಮೂತಿ ಮಸುಕಾಯಿತು. ಹತ್ತು ಮಾರಿನಾಚೆ ಏನೂ ಕಾಣದು. ಒಂದು ಮಾರೆಂದರೆ ಎರಡೂ ಕೈ ಚಾಚಿದರೆ ಆಗುವ ಉದ್ದ. ಮಂಜು ಬಂದರೆ ಲಂಗರು ಹಾಕಿ ಸುಮ್ಮನೆ ಕೂತುಬಿಡು ಎಂದು ಅಪ್ಪ ಹೇಳುತ್ತಿದ್ದರು. ಒಬ್ಬನೇ ಇದ್ದಿದ್ದರೆ ಕೂರುತ್ತಿದ್ದೆ. ಆದರೆ ಲಾರೆನ್ಸನ ಹಣೆಯಲ್ಲಿ ಆಗಲೇ ಬೆವರು ಮೂಡುತ್ತಿತ್ತು.

ಮಂಜಿನೊಳಗೆ ಒಂದು ಕಡೆ ಮಾತ್ರ ಬೆಳಕು ಹೆಚ್ಚಿತ್ತು, ಸೂರ್ಯ ಅಲ್ಲಿದ್ದ. ನನಗೆ ಜೀವ ಬಂದಂತಾಯಿತು. ನಮ್ಮೂರಿನ ದೋಣಿಯವರಿಗೆ ಎದೆಹಾಲಿನ ಜೊತೆ ಬಂದ ಪಾಠ ಒಂದೇ: ಬೆಳಿಗ್ಗೆ ದಾರಿ ತಪ್ಪಿದರೆ ಬೆಳಕಿನ ಕಡೆ ಬಿಡು, ಮನೆ ಸಿಗುತ್ತದೆ. ನಮ್ಮ ಕಡಲು ಪಡುವಣದ್ದು, ನೆಲ ಯಾವಾಗಲೂ ಮೂಡಲಿಗೆ. ದುಬೈಯ ದಂಡೆಯಲ್ಲೂ ಒಂಬತ್ತು ವರ್ಷ ಆ ಪಾಠ ಸುಳ್ಳಾಗಿರಲಿಲ್ಲ, ಅಲ್ಲಿಯೂ ನೆಲ ಸುಮಾರಾಗಿ ಸೂರ್ಯ ಹುಟ್ಟುವ ಕಡೆಗೇ ಇದೆ. ನಾನು ಬೆಳಕಿಗೆ ನೇರವಾಗಿ ಬಿಟ್ಟೆ. ಮಿರ್ಫಾದ ದಂಡೆ ಉತ್ತರಕ್ಕೆ ಮುಖ ಮಾಡಿದೆ, ಅಲ್ಲಿ ನೆಲವಿರುವುದು ದಕ್ಷಿಣಕ್ಕೆ, ಬೆಳಕಿನ ಕಡೆ ಹೋದರೆ ದಂಡೆಗೆ ಸಮನಾಗಿ ಕಡಲಿನಲ್ಲೇ ಓಡುತ್ತಾ ಇರಬೇಕಾಗುತ್ತದೆ, ಇದೊಂದೂ ನನ್ನ ತಲೆಗೆ ಹೊಳೆಯಲೇ ಇಲ್ಲ. ಬರುವಾಗ ಉತ್ತರಕ್ಕೆ ಬಂದವನು ನಾನೇ! ಹೆದರಿದ ಮನುಷ್ಯನಿಗೆ ತಲೆ ಕೆಲಸ ಮಾಡುವುದಿಲ್ಲ, ಹುಟ್ಟಿದ ಊರು ಕೆಲಸ ಮಾಡುತ್ತದೆ.

ಅರ್ಧ ಗಂಟೆಯಾಯಿತು. ನೆಲ ಇಲ್ಲ. ಮುಕ್ಕಾಲು ಗಂಟೆ. ಲಾರೆನ್ಸ್ ಮೊದಲು ತನ್ನ ಇಗರ್ಜಿಯ ಪ್ರಾರ್ಥನೆ ನಮಾನ್ ಮೊರಿಯೆ ಹೇಳುತ್ತಿದ್ದ, ಆಮೇಲೆ ನಡುವೆ ನಡುವೆ ಮರೆತು ಮೊದಲಿನಿಂದ ಸುರುಮಾಡುತ್ತಿದ್ದ. ಕೈ ನಡುಗುತ್ತಿತ್ತು. "ಬಸ್ಸು ಇನ್ನೂ ಎಷ್ಟು ಹೊತ್ತಿಗೆ?" ಎಂದು ಕೇಳಿದ.

ಆಗ ಮುಂದೆ ಒಬ್ಬ ಮನುಷ್ಯ ಕಂಡರು.

ಹತ್ತು ಮಾರು ದೂರದಲ್ಲಿ, ನೀರಿನಲ್ಲಿ, ಸೊಂಟದವರೆಗೆ. ಮುದುಕರು. ತಲೆಗೆ ಬಟ್ಟೆ ಸುತ್ತಿದ್ದರು, ಬರಿಯ ಮೈ, ಬಿಳಿಯ ಗಡ್ಡ. ಆ ದಂಡೆಯ ಹಳೆಯ ಬೆಸ್ತರು ಇಳಿತದ ಹೊತ್ತಿಗೆ ಮೈಲಿ ದೂರ ನೀರಿನಲ್ಲೇ ನಡೆದು ಬಲೆ ನೋಡುವುದನ್ನು ಕಂಡಿದ್ದೆ. ನನಗೆ ಬಂದದ್ದು ಹೆದರಿಕೆಯಲ್ಲ, ಸಂತೋಷ. ಸೊಂಟದುದ್ದ ನೀರೆಂದರೆ ದಂಡೆ ಹತ್ತಿರ ಬಂತು! ದೋಣಿ ಮರಳಿಗೆ ಕಚ್ಚೀತೆಂದು ಇಂಜಿನ್ ನಿಲ್ಲಿಸಿದೆ. ಸಲಾಂ ಹೇಳಿದೆ. ಅವರು ಮಾತಾಡಲಿಲ್ಲ. ಕೈ ಎತ್ತಿ ನನ್ನ ಬಲಕ್ಕೆ, ಬೆಳಕನ್ನು ಬಿಟ್ಟು ಬೇರೆಯೇ ಕಡೆಗೆ, ತೋರಿಸಿದರು.

ಎಷ್ಟು ನೀರಿದೆ ನೋಡೋಣವೆಂದು ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟೆ. ಮಾರಿಗೊಂದು ಗಂಟು ಹಾಕಿದ ಹಗ್ಗ, ಅಪ್ಪನ ಕ್ರಮ. ಒಂದು ಗಂಟು ಹೋಯಿತು, ಎರಡು ಹೋಯಿತು. ಮೂರು, ನಾಲ್ಕು. ಬೆರಳುಗಳ ನಡುವೆ ಹಗ್ಗ ಹೋಗುತ್ತಲೇ ಇತ್ತು. ಏಳನೆಯ ಗಂಟಿಗೆ ಗುಂಡು ತಳ ಮುಟ್ಟಿತು.

ತಲೆ ಎತ್ತಿ ನೋಡಿದೆ. ಅವರು ಹಾಗೆಯೇ ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಕೈ ಹಾಗೆಯೇ ಇತ್ತು. ಮೈ ಅಲುಗಾಡುತ್ತಿರಲಿಲ್ಲ, ಈಜುವವನ ಭುಜದ ಆ ಸಣ್ಣ ಕುಲುಕಾಟವೂ ಇಲ್ಲ.

ಹಗ್ಗವನ್ನು ಸಿಕ್ಕಾಬಟ್ಟೆ ಎಳೆದುಕೊಂಡೆ, ಇಂಜಿನ್ ಚಾಲೂ ಮಾಡಿ ಅವರನ್ನು ಎಡಕ್ಕೆ ಬಿಟ್ಟು ದೂರ ಸುತ್ತಿ ಮತ್ತೆ ಬೆಳಕಿನ ಕಡೆಗೇ ಓಡಿಸಿದೆ. ಹೌದು, ಅವರು ತೋರಿಸಿದ ಕಡೆ ಹೋಗಲಿಲ್ಲ. ಹೆದರಿಕೆ ಅರ್ಧ, ಉಳಿದರ್ಧ ಜಂಬವೇ. ಅಪ್ಪನ ಪಾಠ ತಪ್ಪಾಗಲು ಹೇಗೆ ಸಾಧ್ಯ? ಹೆದರಿದ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಹತ್ತು ನಿಮಿಷ ಆಗಿರಬೇಕು. ಲಾರೆನ್ಸ್ ಪೆಟ್ಟಿಗೆಯ ಮೇಲೆ ಒಂದು ಪಕ್ಕಕ್ಕೆ ವಾಲಿದ್ದ. ಹೆಸರು ಕರೆದೆ, ಓಗೊಡಲಿಲ್ಲ. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ.

ಮುಂದೆ ಮತ್ತೆ ಅವರೇ. ಅದೇ ಗಡ್ಡ, ಅದೇ ಸೊಂಟದುದ್ದ ನೀರು, ಅದೇ ಕೈ.

ನಾನು ಇಂಜಿನ್ ನಿಲ್ಲಿಸಿದೆ. ಯಾಕೆ ಮತ್ತೆ ಹಗ್ಗ ಬಿಟ್ಟೆನೋ ದೇವರಿಗೇ ಗೊತ್ತು, ಬಹುಶಃ ಈ ಸಲವಾದರೂ ಎರಡನೇ ಗಂಟಿಗೆ ನಿಲ್ಲಲಿ ಎಂಬ ಆಸೆ. ಬೆನ್ನು ಲಾರೆನ್ಸನ ಕಡೆಗೆ ಮಾಡಿ ದೋಣಿಯ ಅಂಚಿಗೆ ಬಾಗಿ ಎಣಿಸಿದೆ. ಮತ್ತೆ ಏಳು. ಮೇಲೆಳೆದುಕೊಂಡು ತಿರುಗಿದಾಗ ಅವರು ಇದ್ದಲ್ಲಿಯೇ ಇದ್ದರು. ಲಾರೆನ್ಸ್ ನೆಟ್ಟಗೆ ಕೂತಿದ್ದ, ಬಾಯಿ ಆಡುತ್ತಿತ್ತು. ಅವನೇನೋ ಗೊಣಗುತ್ತಿದ್ದಾನೆಂದು ತಿಳಿದೆ. ನನಗೆ ಅಳು ಬಂತು. ಸೋತೆ ಎಂದು ನಾಚಿಕೆಯಿಲ್ಲದೆ ಬರೆಯುತ್ತೇನೆ. ಅಪ್ಪನ ಪಾಠವನ್ನೂ ನನ್ನ ಓದನ್ನೂ ಬದಿಗಿಟ್ಟು, ಬೆಳಕನ್ನು ಎಡಗೆನ್ನೆಗೆ ಹಾಕಿಕೊಂಡು, ಆ ಕೈ ತೋರಿಸಿದ ಕಡೆಗೆ ದೋಣಿ ತಿರುಗಿಸಿದೆ. ಹಿಂದೆ ತಿರುಗಿ ನೋಡಲಿಲ್ಲ. ಧೈರ್ಯ ಇರಲಿಲ್ಲ.

ಇಪ್ಪತ್ತು ನಿಮಿಷದ ನಂತರ ದೂರದಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಬಿಟ್ಟೂಬಿಡದೆ ಒಂದೇ ಸಮನೆ. ಹಮದ್ ಎಚ್ಚರಗೊಂಡು ಮಂಜನ್ನೂ ಸೀಟಿನ ಮೇಲಿದ್ದ ಬ್ಯಾಗನ್ನೂ ನೋಡಿ, ದಂಡೆಯ ಉದ್ದಕ್ಕೂ ಪಿಕಪ್ ಓಡಿಸುತ್ತಾ ಹಾರ್ನ್ ಒತ್ತುತ್ತಿದ್ದ. ದೋಣಿ ಮರಳಿಗೆ ತಾಗಿದಾಗ ಬ್ಯಾಗು ಹಿಡಿದುಕೊಂಡು ನೀರಿಗೆ ಧುಮುಕಿ ಓಡಿ ಬಂದ. ನಾನು ಬ್ಯಾಗಿನಿಂದ ಸಕ್ಕರೆ ನೋಡುವ ಮೀಟರು ತೆಗೆದು ಲಾರೆನ್ಸನ ಬೆರಳು ಚುಚ್ಚಿದೆ. ನಲವತ್ತಕ್ಕಿಂತ ಕೆಳಗಿರುತ್ತದೆಂದು ಖಾತ್ರಿಯಿತ್ತು. ನೂರ ಹದಿನೆಂಟು ತೋರಿಸಿತು. ಮೀಟರು ಕೆಟ್ಟಿದೆಯೆಂದು ಇನ್ನೊಂದು ಬೆರಳು ಚುಚ್ಚಿದೆ. ನೂರ ಹದಿನಾರು.

"ಎಷ್ಟು ಸಲ ಚುಚ್ಚುತ್ತಿ ಮಾರಾಯಾ, ಸಾಕು" ಎಂದ ಲಾರೆನ್ಸ್. ಬಾಯಿಂದ ಏನನ್ನೋ ಅಂಗೈಗೆ ಉಗುಳಿದ. ಖರ್ಜೂರದ ಬೀಜ. "ಒಳ್ಳೆ ಖರ್ಜೂರ. ಮೂರು ಕೊಟ್ರು. ನಿನಗೆ ಕೊಡ್ಲಿಲ್ವಾ ಅವರು?"

ಹಮದ್ ಐಸ್ ಪೆಟ್ಟಿಗೆ ತೆರೆದು ಮೀನು ಎತ್ತಿ ಹಾಕುತ್ತಿದ್ದ. ಎಂಟು ಅಂಜಲ್. ಒಂಬತ್ತು ಇತ್ತಲ್ಲ ಎಂದೆ. "ಒಂದು ಅವರಿಗೆ ಕೊಟ್ಟೆ" ಎಂದ ಲಾರೆನ್ಸ್, ಬಹಳ ಸಹಜವಾಗಿ. "ದಾರಿ ಹೇಳಿದವರನ್ನು ಬರಿಗೈಯಲ್ಲಿ ಕಳಿಸುವುದಾ? ನೀನು ಹಗ್ಗ ಎಳಿತಾ ಇದ್ದಿ."

ನಾನು ಅವರನ್ನು ಹತ್ತು ಮಾರಿಗಿಂತ ಹತ್ತಿರ ಒಮ್ಮೆಯೂ ಕಾಣಲಿಲ್ಲ. ನೀರಿನ ಸದ್ದಾಗಲಿ ಪೆಟ್ಟಿಗೆಯ ಮುಚ್ಚಳದ ಸದ್ದಾಗಲಿ ಕೇಳಲಿಲ್ಲ. ಎರಡು ವಾರದ ನಂತರ ಬಿಸಿಲಿರುವ ದಿನ ಹಮದನ ಜೊತೆ ಅದೇ ನೀರಿಗೆ ಹೋಗಿ ಹುಚ್ಚು ಹಿಡಿದವನ ಹಾಗೆ ಅಲ್ಲಿ ಇಲ್ಲಿ ಹಗ್ಗ ಬಿಟ್ಟೆ. ಆರು ಮಾರಿಗಿಂತ ಕಡಿಮೆ ಎಲ್ಲಿಯೂ ಸಿಗಲಿಲ್ಲ. ಎಲ್ಲದಕ್ಕೂ ತಮಾಷೆ ಮಾಡುವ ಹಮದ್ ಅಂದು ತಮಾಷೆ ಮಾಡಲಿಲ್ಲ. "ಖಲಾಸ್, ಸಾಕು, ಹೋಗೋಣ" ಎಂದಷ್ಟೇ ಹೇಳಿದ.

ಕಾರಣ ಹುಡುಕದೆ ಬಿಟ್ಟಿಲ್ಲ. ಆಸ್ಪತ್ರೆಯಲ್ಲಿ ಯಾವ ಮೇಜಿನ ಮೇಲೆ ನೋಡಿದರೂ ಖರ್ಜೂರ ಇರುತ್ತದೆ, ಯಾವತ್ತಿನದ್ದೋ ಅವನ ಜೇಬಿನಲ್ಲಿ ಇದ್ದಿರಬಹುದು. ಸಕ್ಕರೆ ಇಳಿದ ಭ್ರಮೆಯಲ್ಲಿ ಮೀನನ್ನು ಅವನೇ ನೀರಿಗೆ ಎಸೆದಿರಬಹುದು. ಹೆದರಿಕೆಗೆ ನನ್ನ ಕಣ್ಣು ಮೋಸಹೋಗಿರಬಹುದು. ಒಂದೊಂದಕ್ಕೂ ಒಂದೊಂದು ಕಾರಣ ಕೊಡಬಲ್ಲೆ. ಎಲ್ಲವೂ ಒಂದೇ ಬೆಳಿಗ್ಗೆ, ಒಂದೇ ದೋಣಿಯಲ್ಲಿ, ನಾವು ಬದುಕುವ ಹಾಗೆಯೇ ಹೇಗೆ ಕೂಡಿಬಂತು ಎಂದು ಕೇಳಿದರೆ ಬಾಯಿ ಮುಚ್ಚುತ್ತೇನೆ. ಲಾರೆನ್ಸನಿಗೆ ಇಂದಿಗೂ ಇದರಲ್ಲಿ ವಿಚಿತ್ರವೇ ಇಲ್ಲ. ಏಳು ಮಾರಿನ ಮಾತೆತ್ತಿದರೆ, "ನಿನ್ನ ಹಗ್ಗ ಸರಿ ಇರ್ಲಿಕ್ಕಿಲ್ಲ" ಎನ್ನುತ್ತಾನೆ.

ಅಂದು ಸಂಜೆ ಕಾರ್ಡ್ ಹಾಕುವ ಬೂತಿನಿಂದ ಊರಿಗೆ ಫೋನು ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಬೆಳಕಿನ ಕಡೆ ಬಿಟ್ಟದ್ದನ್ನು ಹೇಳಿದಾಗ ಅವರು ನಕ್ಕರು. ಏಳು ಮಾರು ಎಂದಾಗ ನಗು ನಿಂತಿತು.

"ನೀನ್ ಎಂತ ಕೊಟ್ಟೆ ಮಗಾ ಅವ್ರಿಗೆ?" ಎಂದು ಕೇಳಿದರು.

ನಮ್ಮ ದಂಡೆಯಲ್ಲಿ ದೋಣಿ ಎಳೆಯಲು ಯಾರು ಕೈ ಹಾಕಲಿ, ಗುರುತಿನವರೋ ದಾರಿಹೋಕರೋ, ಅವರ ಕೈಗೊಂದು ಮೀನು ಹಾಕಿಯೇ ಕಳಿಸಬೇಕು. ಮೀನು ಸಿಗದ ದಿನವೂ ಒಂದು ಬೂತಾಯಿಯಾದರೂ ಕೊಡುತ್ತಿದ್ದರು. ಬೆಳಕಿನ ಪಾಠ ನನಗೆ ನೆನಪಿತ್ತು, ಇದು ನೆನಪಾಗಲಿಲ್ಲ. ನಾನೇನೂ ಕೊಡಲಿಲ್ಲ, ಲಾರೆನ್ಸ್ ಕೊಟ್ಟನಂತೆ ಎಂದೆ.

"ಅವ್ನ್ ಕೊಟ್ಟದ್ದಕ್ಕೆ ನೀನೂ ಬಂದೆ" ಎಂದರು. "ಕೈ ಹಾಕ್ದವ್ರನ್ನ ಬರಿಗೈಲ್ ಕಳ್ಸುಕಾಗ ಅಂದ್ ಹೇಳ್ಕೊಟ್ಟಿದ್ನಲ್ಲ."

ಆ ಊರು ಬಿಡುವ ವರ್ಷ, ಹಂಗಾಮಿನ ಮೊದಲ ಬೆಳಿಗ್ಗೆ, ಹಮದನ ದೋಣಿಯಲ್ಲಿ ಮತ್ತೆ ಆ ನೀರಿಗೆ ಹೋದೆ. ಮೊದಲ ಅಂಜಲ್ ಸಿಕ್ಕಿತು, ದೊಡ್ಡದು. ಇಂಜಿನ್ ನಿಲ್ಲಿಸಲು ಹೇಳಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತೆ. ಮಂಜಿನ ಸುಳಿವೂ ಇರಲಿಲ್ಲ. ದಕ್ಷಿಣಕ್ಕೆ ದಂಡೆ ಕಾಣುತ್ತಿತ್ತು, ಉಳಿದ ಮೂರು ಕಡೆ ಬರಿಯ ನೀರು. ಯಾರಿಗೆ ಎಂದು ಹಮದ್ ಕೇಳಲಿಲ್ಲ. ಯಾವ ಕಡೆಗೆ ಚಾಚಬೇಕೆಂದು ತಿಳಿಯದೆ, ತೋಳು ನೋಯುವವರೆಗೂ ಮೀನು ಹಿಡಿದುಕೊಂಡೇ ನಿಂತಿದ್ದೆ.